ಫೋನ್, ಲ್ಯಾಪ್‌ಟಾಪ್ ಕೊಳ್ಳುವ ಮುನ್ನ ಕಾರ್ಖಾನೆಯ ದುಡಿಮೆಯನ್ನು ವಿಚಾರಿಸುವ ಬಗೆ

ಕಾರ್ಮಿಕರಿಗೆ ಯಾವ ಅನ್ಯಾಯವೂ ಆಗದೆ ತಯಾರಾಗಿದೆ ಎಂದು ಖಾತರಿಯಾಗಿ ಹೇಳಬಹುದಾದ ಮೊಬೈಲ್ ಫೋನಾಗಲಿ ಲ್ಯಾಪ್‌ಟಾಪಾಗಲಿ ಇಂದು ಮಾರುಕಟ್ಟೆಯಲ್ಲಿ ಇಲ್ಲ. ಈ ಗುರಿಯನ್ನಿಟ್ಟುಕೊಂಡೇ 2013ರಲ್ಲಿ ಆರಂಭವಾದ ನೆದರ್ಲೆಂಡ್ಸ್‌ನ ಫೇರ್‌ಫೋನ್ ಸಂಸ್ಥೆ ಕೂಡ ತನ್ನ ಫೋನು ನೂರಕ್ಕೆ ನೂರು ನ್ಯಾಯಯುತವಾದದ್ದು ಎಂದು ಹೇಳಿಕೊಳ್ಳುವುದಿಲ್ಲ. ಗಣಿ, ಲೋಹ ಕರಗಿಸುವ ಘಟಕ, ಚಿಪ್ ಕಾರ್ಖಾನೆ, ಬಿಡಿಭಾಗಗಳ ತಯಾರಕರು, ಕೊನೆಯಲ್ಲಿ ಎಲ್ಲವನ್ನೂ ಜೋಡಿಸುವ ಅಸೆಂಬ್ಲಿ ಲೈನ್, ಹೀಗೆ ಹತ್ತಾರು ದೇಶಗಳಲ್ಲಿ ಹರಡಿರುವ ಕೆಲಸದ ಮೇಲೆ ಪೂರ್ಣ ನಿಗಾ ಇಡುವುದು ಬ್ರ್ಯಾಂಡ್‌ನ ಒಡೆಯರಿಗೇ ಸಾಧ್ಯವಾಗಿಲ್ಲ. ಆದ್ದರಿಂದ "ಒಳ್ಳೆಯ ಕಂಪನಿ ಯಾವುದೆಂದು ಹೇಳಿ, ಅದನ್ನೇ ಕೊಳ್ಳುತ್ತೇನೆ" ಎನ್ನುವವರಿಗೆ ಒಂದೇ ಹೆಸರಿನ ಉತ್ತರ ಕೊಡಲಾಗದು. ಕೊಳ್ಳುವವರ ಕೈಯಲ್ಲಿರುವುದು ಬೇರೆ ಬಗೆಯ ಶಕ್ತಿ: ಕೊಳ್ಳುವುದನ್ನು ಮುಂದೂಡುವುದು, ಕಂಪನಿಗಳು ಪ್ರಕಟಿಸುವ ಕಾಗದಪತ್ರಗಳನ್ನು ಸರಿಯಾಗಿ ಓದುವುದು, ಜಾರಿಕೊಳ್ಳಲು ಬಾರದಂಥ ಪ್ರಶ್ನೆಗಳನ್ನು ಕೇಳುವುದು. ಈ ಮಾರ್ಗದರ್ಶಿ ಅದನ್ನು ಕುರಿತದ್ದು.

ದುಡಿತದ ಹೊರೆ ಹುಟ್ಟುವುದೆಲ್ಲಿ

ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳ ಬಹುಪಾಲು ತೊಂದರೆಗಳು ಯಾರೋ ಒಬ್ಬ ಕ್ರೂರ ಮೇಲ್ವಿಚಾರಕನಿಂದ ಹುಟ್ಟುವುದಿಲ್ಲ. ಆರ್ಡರ್ ಯಾವಾಗ ಬರುತ್ತದೆ, ಎಷ್ಟು ದಿನದಲ್ಲಿ ಪೂರೈಸಬೇಕು, ಪ್ರತಿ ಸಾಧನಕ್ಕೆ ಕಾರ್ಖಾನೆಗೆ ಸಿಗುವುದೆಷ್ಟು ಎಂಬ ಲೆಕ್ಕದಲ್ಲಿ ಅವು ಹುಟ್ಟುತ್ತವೆ. ಹೊಸ ಮಾದರಿಯೊಂದು ಬಿಡುಗಡೆಯಾಗುವ ಮುನ್ನ ಕೆಲವೇ ವಾರಗಳಲ್ಲಿ ಲಕ್ಷಗಟ್ಟಲೆ ಫೋನುಗಳು ಸಿದ್ಧವಾಗಬೇಕು. ಅಷ್ಟು ಕೈಗಳನ್ನು ವರ್ಷವಿಡೀ ಸಂಬಳ ಕೊಟ್ಟು ಇಟ್ಟುಕೊಳ್ಳಲು ಯಾವ ಕಾರ್ಖಾನೆಯೂ ಸಿದ್ಧವಿಲ್ಲ. ಹಾಗಾಗಿ ಇರುವವರ ಮೇಲೆ ಓವರ್‌ಟೈಮ್ ಬೀಳುತ್ತದೆ, ಗುತ್ತಿಗೆ ಏಜೆನ್ಸಿಗಳ ಮೂಲಕ ತಾತ್ಕಾಲಿಕ ಕಾರ್ಮಿಕರು ಬರುತ್ತಾರೆ, ಕೆಲವೆಡೆ ತಾಂತ್ರಿಕ ಶಾಲೆಗಳ ವಿದ್ಯಾರ್ಥಿಗಳನ್ನು ತರಬೇತಿಯ ಹೆಸರಿನಲ್ಲಿ ಲೈನ್‌ಗೆ ಹಚ್ಚಲಾಗುತ್ತದೆ. ಬ್ರ್ಯಾಂಡ್‌ಗಳಿಗೆ ಗುತ್ತಿಗೆಯ ಮೇಲೆ ಸಾಧನ ಜೋಡಿಸಿಕೊಡುವ ಫಾಕ್ಸ್‌ಕಾನ್ ಕಂಪನಿಗೆ ಸೇರಿದ, ಚೀನಾದ ಝೆಂಗ್‌ಝೌ ನಗರದ ಕಾರ್ಖಾನೆಯಲ್ಲಿ 2017ರಲ್ಲಿ ಐಫೋನ್ ಜೋಡಿಸುತ್ತಿದ್ದ ವಿದ್ಯಾರ್ಥಿಗಳು ಕಾನೂನು ಮೀರಿ ಓವರ್‌ಟೈಮ್ ಮಾಡಿದ್ದು ಬೆಳಕಿಗೆ ಬಂತು; ಆಪಲ್, ಫಾಕ್ಸ್‌ಕಾನ್ ಎರಡೂ ಅದನ್ನು ಒಪ್ಪಿಕೊಂಡವು. ಎರಡು ವರ್ಷಗಳ ಬಳಿಕ ಅದೇ ಕಾರ್ಖಾನೆಯಲ್ಲಿ ತಾತ್ಕಾಲಿಕ ಕಾರ್ಮಿಕರ ಪ್ರಮಾಣ ಚೀನಾದ ಕಾನೂನು ಅನುಮತಿಸುವ ಶೇ. 10ರ ಮಿತಿಯನ್ನು ದಾಟಿತ್ತೆಂಬ ದೂರು ಬಂದಾಗ ಆಪಲ್ ಅದನ್ನೂ ಒಪ್ಪಿಕೊಳ್ಳಬೇಕಾಯಿತು. ಎರಡೂ ಪ್ರಕರಣಗಳು ಹೊಸ ಮಾದರಿಯ ತಯಾರಿಯ ಭರಾಟೆಯ ತಿಂಗಳುಗಳಿಗೆ ಸೇರಿದವು ಎಂಬುದನ್ನು ಗಮನಿಸಬೇಕು.

ಸಂಬಳದ ಅನ್ಯಾಯ ಅನೇಕ ವೇಳೆ ಕಣ್ಣಿಗೆ ಬೀಳದಷ್ಟು ಸಣ್ಣ ಲೆಕ್ಕದಲ್ಲಿ ಅಡಗಿರುತ್ತದೆ. 2010ರಲ್ಲಿ ಚೀನಾದ ಫಾಕ್ಸ್‌ಕಾನ್ ಕಾರ್ಖಾನೆಗಳಲ್ಲಿ, ಮುಖ್ಯವಾಗಿ ಶೆನ್‌ಜೆನ್‌ನಲ್ಲಿ, ಹತ್ತಕ್ಕೂ ಹೆಚ್ಚು ಯುವ ಕಾರ್ಮಿಕರು ಆತ್ಮಹತ್ಯೆ ಮಾಡಿಕೊಂಡದ್ದು ಜಗತ್ತಿನ ಗಮನ ಸೆಳೆದಿತ್ತು. ಮುಂದೆ 2012ರಲ್ಲಿ ಆಪಲ್‌ನ ಕೋರಿಕೆಯ ಮೇರೆಗೆ ಫೇರ್ ಲೇಬರ್ ಅಸೋಸಿಯೇಷನ್ ಎಂಬ ಸಂಸ್ಥೆ ಫಾಕ್ಸ್‌ಕಾನ್‌ನ ಮೂರು ಕಾರ್ಖಾನೆಗಳಲ್ಲಿ ತನಿಖೆ ನಡೆಸಿತು. ಭರಾಟೆಯ ದಿನಗಳಲ್ಲಿ ವಾರಕ್ಕೆ 60 ಗಂಟೆಗಿಂತ ಹೆಚ್ಚು ದುಡಿತ ನಡೆಯುತ್ತಿದ್ದುದರ ಜೊತೆಗೆ ಇನ್ನೊಂದು ಸಂಗತಿಯೂ ಹೊರಬಿತ್ತು: ಮೊದಲೇ ನಿಗದಿಯಾಗದ ಓವರ್‌ಟೈಮನ್ನು ಅರ್ಧ ಗಂಟೆಯ ತುಂಡುಗಳಲ್ಲಿ ಮಾತ್ರ ಲೆಕ್ಕ ಹಾಕಲಾಗುತ್ತಿತ್ತು. 29 ನಿಮಿಷ ಹೆಚ್ಚು ದುಡಿದವನಿಗೆ ಏನೂ ಇಲ್ಲ. 58 ನಿಮಿಷ ದುಡಿದವನಿಗೆ 30 ನಿಮಿಷದ ಹಣ. ಲಕ್ಷಾಂತರ ಜನ ದುಡಿಯುವ ಕಡೆ ಈ ಉಳಿತಾಯ ಎಷ್ಟಾಗುತ್ತದೆಂದು ಓದುಗರೇ ಊಹಿಸಬಹುದು. 2020ರ ಡಿಸೆಂಬರ್‌ನಲ್ಲಿ ಆಪಲ್‌ಗೆ ಐಫೋನ್ ಜೋಡಿಸುತ್ತಿದ್ದ, ಕೋಲಾರ ಜಿಲ್ಲೆ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ನಡೆದ ದಾಂಧಲೆಯ ಹಿಂದೆಯೂ ಇದ್ದದ್ದು ಸಂಬಳದ ಲೆಕ್ಕವೇ: ದುಡಿಮೆಯ ಗಂಟೆಗಳನ್ನು ನಿರ್ವಹಿಸುವ ಸರಿಯಾದ ವ್ಯವಸ್ಥೆ ಇಲ್ಲದೆ ಅಕ್ಟೋಬರ್ ಮತ್ತು ನವೆಂಬರ್ ತಿಂಗಳ ಸಂಬಳ ಕೆಲವರಿಗೆ ತಡವಾಗಿತ್ತೆಂದು ಆಪಲ್ ತನ್ನ ತನಿಖೆಯ ಬಳಿಕ ತಿಳಿಸಿತು.

ಸಂಬಳ ಹೆಚ್ಚಿಸಿದರೆ ಸಾಧನದ ಬೆಲೆ ಗಗನಕ್ಕೇರುತ್ತದೆ ಎಂಬ ವಾದವನ್ನು ಇಲ್ಲಿಯೇ ಪರೀಕ್ಷಿಸಿಬಿಡಬಹುದು. 2010ರ ಐಫೋನ್ 4ರ ಮಾರಾಟ ಬೆಲೆ ಯಾರು ಯಾರಿಗೆ ಹಂಚಿಹೋಗುತ್ತದೆಂದು ಅಮೆರಿಕದ ಮೂವರು ಸಂಶೋಧಕರು ಲೆಕ್ಕ ಹಾಕಿದ್ದರು. ಶೇ. 58.5ರಷ್ಟು ಆಪಲ್‌ನ ಲಾಭಕ್ಕೆ ಹೋದರೆ, ಚೀನಾದಲ್ಲಿನ ದುಡಿಮೆಗೆ ಸಂದದ್ದು ಶೇ. 1.8 ಮಾತ್ರ. ಆ ಪಾಲನ್ನು ಎರಡು ಪಟ್ಟು ಮಾಡಿದ್ದರೂ ಕೊಳ್ಳುವವರ ಮೇಲೆ ಬೀಳುತ್ತಿದ್ದ ಭಾರ ನೂರಕ್ಕೆ ಎರಡಕ್ಕಿಂತ ಕಡಿಮೆ. ಈ ಅಂಕಿಗಳು ಹಳೆಯವು, ಒಂದೇ ಮಾದರಿಯವು ಎಂಬುದು ನಿಜ. ಆದರೂ "ಅಗ್ಗದ ಬೆಲೆ ಬೇಕೆಂದರೆ ಇದೆಲ್ಲ ಅನಿವಾರ್ಯ" ಎಂಬ ಮಾತನ್ನು ಸುಮ್ಮನೆ ಒಪ್ಪಿಕೊಳ್ಳದಿರಲು ಇಷ್ಟು ಸಾಕು.

ಮೊದಲ ಆಯ್ಕೆ: ಕೊಳ್ಳದಿರುವುದು

ಕೈಯಲ್ಲಿರುವ ಸಾಧನವನ್ನು ಇನ್ನಷ್ಟು ಕಾಲ ಬಳಸುವುದಕ್ಕಿಂತ ಖಚಿತವಾದ ಫಲ ಕೊಡುವ ಆಯ್ಕೆ ಬೇರೊಂದಿಲ್ಲ. ಎರಡು ವರ್ಷಕ್ಕೊಮ್ಮೆ ಫೋನು ಬದಲಿಸುವವರು ಅದನ್ನು ನಾಲ್ಕು ವರ್ಷಕ್ಕೆ ವಿಸ್ತರಿಸಿದರೆ, ಗಣಿಯಿಂದ ಅಸೆಂಬ್ಲಿ ಲೈನ್‌ವರೆಗಿನ ಎಲ್ಲ ಹಂತಗಳ ಮೇಲಿನ ಅವರ ಬೇಡಿಕೆ ಅರ್ಧಕ್ಕೆ ಇಳಿಯುತ್ತದೆ. ಇದಕ್ಕಾಗಿ ಯಾವ ಕಂಪನಿಯ ಮಾತನ್ನೂ ನಂಬಬೇಕಾಗಿಲ್ಲ. ಫೋನು ನಿಧಾನವಾಯಿತೆಂದು ಅನ್ನಿಸಿದಾಗ ಮೊದಲು ಬ್ಯಾಟರಿಯ ಸ್ಥಿತಿಯನ್ನೂ ಮೆಮೊರಿಯಲ್ಲಿ ಉಳಿದಿರುವ ಜಾಗವನ್ನೂ ನೋಡಬೇಕು. ಹಲವು ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಈ ವಿವರ ಸಿಗುತ್ತದೆ. ಬ್ಯಾಟರಿಯ ಸಾಮರ್ಥ್ಯ ಮೂಲದ ಶೇ. 80ಕ್ಕಿಂತ ಕೆಳಗಿಳಿದಿದ್ದರೆ ಬ್ಯಾಟರಿಯನ್ನಷ್ಟೇ ಬದಲಿಸಿ ಫೋನನ್ನು ಇನ್ನೆರಡು ಮೂರು ವರ್ಷ ಓಡಿಸಬಹುದು.

ಕೊಳ್ಳಲೇಬೇಕಾದಾಗ ಸೆಕೆಂಡ್ ಹ್ಯಾಂಡ್ ಅಥವಾ ರೀಫರ್ಬಿಶ್ಡ್ (ದುರಸ್ತಿ ಮಾಡಿ ಮತ್ತೆ ಮಾರುವ) ಸಾಧನವನ್ನು ಮೊದಲು ಪರಿಶೀಲಿಸಬೇಕು. ಅದರಲ್ಲಿ ನೋಡಬೇಕಾದ ಮುಖ್ಯ ಅಂಶ ಹೊರಮೈಯ ಗೀರುಗಳಲ್ಲ. ಇನ್ನೆಷ್ಟು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಬರುತ್ತದೆ ಎಂಬುದು. ಗೂಗಲ್ ತನ್ನ ಪಿಕ್ಸೆಲ್ 8ಕ್ಕೂ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್24ಕ್ಕೂ ಏಳು ವರ್ಷಗಳ ಅಪ್‌ಡೇಟ್ ಕೊಡುವುದಾಗಿ ಹೇಳಿವೆ. ಇಂಥ ಮಾದರಿ ಎರಡು ವರ್ಷ ಹಳೆಯದಾಗಿದ್ದರೂ ಮುಂದೆ ದೀರ್ಘ ಬಾಳಿಕೆ ಇರುತ್ತದೆ. ಹೊಸದನ್ನೇ ಕೊಳ್ಳುವುದಾದರೆ ದುರಸ್ತಿಗೆ ಒಗ್ಗುವ ಮಾದರಿಯನ್ನು ಆರಿಸಬೇಕು. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಸ್ಮಾರ್ಟ್‌ಫೋನುಗಳ ಲೇಬಲ್ ಮೇಲೆ ದುರಸ್ತಿಯ ಸುಲಭತೆಗೆ ಎ-ಯಿಂದ ಇ-ವರೆಗಿನ ದರ್ಜೆ ನಮೂದಾಗುವುದು ಕಡ್ಡಾಯವಾಗಿದೆ. ಅದೇ ಮಾದರಿ ಬೇರೆ ದೇಶದಲ್ಲಿ ಮಾರಾಟವಾದರೂ ಆ ದರ್ಜೆಯನ್ನು ಅಂತರಜಾಲದಲ್ಲಿ ನೋಡಿ ಹೋಲಿಸಬಹುದು. ಬಿಡುಗಡೆಯ ಮೊದಲ ವಾರಗಳಲ್ಲಿ ಮುಂಗಡ ಬುಕಿಂಗ್ ಮಾಡದಿರುವುದೂ ಒಳ್ಳೆಯದು. ಒಬ್ಬರು ಕಾಯ್ದ ಮಾತ್ರಕ್ಕೆ ಯಾವ ಶಿಫ್ಟೂ ಮೊಟಕಾಗುವುದಿಲ್ಲ, ನಿಜ; ಆದರೆ ಆ ನೂಕುನುಗ್ಗಲಿಗೆ ನಾವೂ ಒಂದು ಕೈ ಸೇರಿಸಬೇಕಾದ ಅಗತ್ಯವೂ ಇಲ್ಲ.

ಪೆಟ್ಟಿಗೆಯ ಮೇಲಿನ ಗುರುತುಗಳು ಹೇಳುವುದು, ಹೇಳದಿರುವುದು

ಸಾಧನದ ಪೆಟ್ಟಿಗೆಯ ಮೇಲೆ ಸಿಇ (ಐರೋಪ್ಯ ಒಕ್ಕೂಟದ ಸುರಕ್ಷತಾ ನಿಯಮಗಳ ಪಾಲನೆ), ಎನರ್ಜಿ ಸ್ಟಾರ್ (ವಿದ್ಯುತ್ ಉಳಿತಾಯ), ಆರ್‌ಒಎಚ್‌ಎಸ್ (ಅಪಾಯಕಾರಿ ವಸ್ತುಗಳ ಮಿತಿ) ಮುಂತಾದ ಗುರುತುಗಳಿರುತ್ತವೆ. ಇವುಗಳಲ್ಲಿ ಯಾವುದೂ ಕಾರ್ಮಿಕರ ಸ್ಥಿತಿಗತಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಆರ್‌ಒಎಚ್‌ಎಸ್ ವಿಷಯದಲ್ಲಿ ತಪ್ಪು ತಿಳಿವಳಿಕೆ ಹೆಚ್ಚು, ಏಕೆಂದರೆ ಅದು ಸೀಸ, ಪಾದರಸದಂಥ ಅಪಾಯಕಾರಿ ವಸ್ತುಗಳನ್ನು ನಿರ್ಬಂಧಿಸುತ್ತದೆ. ಆದರೆ ಅದು ಪರೀಕ್ಷಿಸುವುದು ಸಿದ್ಧ ಸಾಧನದಲ್ಲಿ ಉಳಿದಿರುವ ವಸ್ತುವನ್ನು. ತಯಾರಿಕೆಯ ವೇಳೆ ಆವಿಯಾಗಿ ಹೋದದ್ದನ್ನಲ್ಲ.

ಈ ವ್ಯತ್ಯಾಸ ಎಷ್ಟು ಮಹತ್ವದ್ದೆಂಬುದಕ್ಕೆ ಚೀನಾದ ಸೂಝೌ ನಗರದ ವಿನ್‌ಟೆಕ್ ಕಾರ್ಖಾನೆಯ ಪ್ರಕರಣವನ್ನು ನೋಡಬೇಕು. ಅಲ್ಲಿ ಟಚ್‌ಸ್ಕ್ರೀನ್‌ಗಳನ್ನು ಒರೆಸಿ ಸ್ವಚ್ಛಗೊಳಿಸುವ ಕೆಲಸಕ್ಕೆ ಮೊದಲು ಆಲ್ಕೋಹಾಲ್ ಬಳಸುತ್ತಿದ್ದರು. ಬಳಿಕ ಅದರ ಬದಲು ಎನ್-ಹೆಕ್ಸೇನ್ ಎಂಬ ದ್ರಾವಕವನ್ನು ತರಲಾಯಿತು. ಕಾರಣ ಸರಳ: ಅದು ಬೇಗ ಆರುತ್ತದೆ, ಅಷ್ಟೇ ಹೊತ್ತಿನಲ್ಲಿ ಹೆಚ್ಚು ಪರದೆಗಳನ್ನು ಒರೆಸಬಹುದು. ಗಾಳಿಯಾಡದ ಕೋಣೆಯಲ್ಲಿ ದಿನವಿಡೀ ಅದರ ಆವಿಯನ್ನು ಉಸಿರಾಡಿದವರಿಗೆ ಮೊದಲು ಕೈಕಾಲು ಜೋಮು ಹಿಡಿದಂತಾಯಿತು, ಬಳಿಕ ನಡೆಯುವುದೇ ಕಷ್ಟವಾಯಿತು. ಆ ದ್ರಾವಕ ನರಗಳನ್ನು ಹಾಳುಮಾಡುತ್ತದೆ. ಹೀಗೆ ಅಸ್ವಸ್ಥರಾದ 137 ಕಾರ್ಮಿಕರ ಸಂಗತಿಯನ್ನು ಆಪಲ್ 2011ರಲ್ಲಿ ತನ್ನ ವರದಿಯಲ್ಲೇ ದಾಖಲಿಸಿತು. ಒರೆಸಿದ ಪರದೆಯ ಮೇಲೆ ಎನ್-ಹೆಕ್ಸೇನ್‌ನ ಕುರುಹೂ ಉಳಿಯುವುದಿಲ್ಲ. ಸಾಧನವನ್ನು ಯಾವ ಪ್ರಯೋಗಾಲಯಕ್ಕೆ ಕಳಿಸಿದರೂ ಅದು ಸುರಕ್ಷಿತವೆಂದೇ ಪ್ರಮಾಣಪತ್ರ ಬರುತ್ತದೆ. 2014ರಲ್ಲಿ ಆಪಲ್ ಅಂತಿಮ ಜೋಡಣೆಯ ಹಂತದಲ್ಲಿ ಈ ದ್ರಾವಕವನ್ನೂ ಬೆಂಜೀನ್ ಎಂಬ ಇನ್ನೊಂದು ವಿಷಕಾರಿ ದ್ರಾವಕವನ್ನೂ ನಿಷೇಧಿಸಿತು. ಕೆಳಗಿನ ಹಂತದ ಘಟಕಗಳಲ್ಲಿ ಏನು ಬಳಕೆಯಲ್ಲಿದೆ ಎಂಬ ಪ್ರಶ್ನೆಯನ್ನು ಇಂದಿಗೂ ಪ್ರತಿ ಬ್ರ್ಯಾಂಡ್‌ಗೂ ಕೇಳಬೇಕಾಗಿದೆ.

ಚಿಪ್ ಕಾರ್ಖಾನೆಗಳ ವಿಷಯದಲ್ಲಿ ಸತ್ಯ ಹೊರಬರಲು ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ದಕ್ಷಿಣ ಕೊರಿಯಾದಲ್ಲಿ ಸ್ಯಾಮ್‌ಸಂಗ್‌ನ ಚಿಪ್ ಘಟಕದಲ್ಲಿ ದುಡಿದು 2007ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡ ಯುವತಿಯೊಬ್ಬಳ ತಂದೆ, ಒಬ್ಬ ಟ್ಯಾಕ್ಸಿ ಚಾಲಕ, ಆರಂಭಿಸಿದ ಹೋರಾಟಕ್ಕೆ ಕಂಪನಿ ಸಾರ್ವಜನಿಕವಾಗಿ ಕ್ಷಮೆ ಕೋರಿ ಪರಿಹಾರದ ಒಪ್ಪಂದಕ್ಕೆ ಬಂದದ್ದು 2018ರ ನವೆಂಬರ್‌ನಲ್ಲಿ.

ಕಾರ್ಮಿಕರ ಸ್ಥಿತಿಯನ್ನೂ ಗಣನೆಗೆ ತೆಗೆದುಕೊಳ್ಳುವ ಗುರುತುಗಳ ಪೈಕಿ ಸ್ವೀಡನ್‌ನ ಟಿಸಿಒ ಸರ್ಟಿಫೈಡ್ ಮುಖ್ಯವಾದದ್ದು. ಹೊರಗಿನ ಪರಿಶೀಲಕರು ಕಾರ್ಖಾನೆಗಳನ್ನು ತಪಾಸಣೆ ಮಾಡಬೇಕು, ಕಂಡ ಲೋಪಗಳನ್ನು ಸರಿಪಡಿಸುವ ಯೋಜನೆ ಇರಬೇಕು ಎಂಬ ನಿಯಮ ಅದರಲ್ಲಿದೆ. ಮಾನಿಟರ್ ಮತ್ತು ಕಚೇರಿ ಬಳಕೆಯ ಕಂಪ್ಯೂಟರ್‌ಗಳಲ್ಲಿ ಅದು ಹೆಚ್ಚು ಕಾಣಸಿಗುತ್ತದೆ, ಫೋನುಗಳಲ್ಲಿ ಅಪರೂಪ. ಅದರ ಜಾಲತಾಣದಲ್ಲಿ ಮಾದರಿಯ ಹೆಸರು ಕೊಟ್ಟು ಹುಡುಕಬಹುದು. ಗುರುತು ಇದ್ದ ಮಾತ್ರಕ್ಕೆ ಎಲ್ಲವೂ ಸರಿಯಿದೆ ಎಂದಲ್ಲ. ಯಾರೋ ಒಬ್ಬರು ಹೊರಗಿನಿಂದ ಹೋಗಿ ನೋಡಿದ್ದಾರೆ ಎಂದಷ್ಟೇ ಅರ್ಥ.

ಕಂಪನಿಯ ವರದಿಯನ್ನು ಓದುವ ಕ್ರಮ

ದೊಡ್ಡ ಬ್ರ್ಯಾಂಡ್‌ಗಳೆಲ್ಲ ಪ್ರತಿ ವರ್ಷ ಹೊಣೆಗಾರಿಕೆಯ ವರದಿಯೊಂದನ್ನು ಪ್ರಕಟಿಸುತ್ತವೆ. ಬ್ರಿಟನ್ನಿನಲ್ಲಿ ವ್ಯಾಪಾರ ಮಾಡುವ, 3.6 ಕೋಟಿ ಪೌಂಡ್ ಅಥವಾ ಅದಕ್ಕಿಂತ ಹೆಚ್ಚು ವಾರ್ಷಿಕ ವಹಿವಾಟುಳ್ಳ ಕಂಪನಿಗಳು ಅಲ್ಲಿನ 2015ರ ಕಾಯ್ದೆಯಂತೆ ಮಾಡರ್ನ್ ಸ್ಲೇವರಿ ಸ್ಟೇಟ್‌ಮೆಂಟ್ (ಬಲವಂತದ ದುಡಿಮೆಯನ್ನು ತಡೆಯಲು ಏನು ಮಾಡಿದ್ದೇವೆಂಬ ವಿವರ) ಎಂಬ ಹೇಳಿಕೆಯನ್ನೂ ಕೊಡಬೇಕು. ಕಂಪನಿಯ ಜಾಲತಾಣದ ತೀರಾ ಕೆಳಭಾಗದಲ್ಲಿ ಅದರ ಕೊಂಡಿ ಇರುತ್ತದೆ. ನಗುಮುಖದ ಚಿತ್ರಗಳನ್ನೂ ಮುಖ್ಯಸ್ಥರ ಸಂದೇಶವನ್ನೂ ದಾಟಿ ನೇರವಾಗಿ ಅಂಕಿಗಳಿರುವ ಪುಟಗಳಿಗೆ ಹೋಗಬೇಕು.

ಮೊದಲು ಹುಡುಕಬೇಕಾದದ್ದು ಪೂರೈಕೆದಾರರ ಪಟ್ಟಿ. ಆಪಲ್ ತನ್ನ ಪಟ್ಟಿಯನ್ನು ಮೊದಲ ಬಾರಿಗೆ 2012ರಲ್ಲಿ ಪ್ರಕಟಿಸಿತು. ಅದಾದ ಬಳಿಕ "ಇದು ವ್ಯಾಪಾರದ ಗುಟ್ಟು" ಎಂದು ಉಳಿದವರು ಹೇಳುವ ನೆಪಕ್ಕೆ ಹೆಚ್ಚು ಬೆಲೆ ಉಳಿದಿಲ್ಲ. ಕಾರ್ಖಾನೆಯ ಹೆಸರೂ ಊರೂ ಗೊತ್ತಿದ್ದರೆ ಮಾತ್ರ ಪತ್ರಕರ್ತರಿಗೆ, ಕಾರ್ಮಿಕ ಸಂಘಗಳಿಗೆ ವಿಚಾರಿಸಲು ಸಾಧ್ಯವಾಗುವುದರಿಂದ, ಪಟ್ಟಿಯೇ ಇಲ್ಲದ ಕಂಪನಿಯ ಉಳಿದ ಮಾತುಗಳನ್ನು ಅನುಮಾನದಿಂದಲೇ ಓದಬೇಕು.

ಎರಡನೆಯದು ದುಡಿಮೆಯ ಗಂಟೆಗಳು. ಉದ್ಯಮದ ಒಕ್ಕೂಟವಾದ ರೆಸ್ಪಾನ್ಸಿಬಲ್ ಬ್ಯುಸಿನೆಸ್ ಅಲಯನ್ಸ್‌ನ ನೀತಿಸಂಹಿತೆ ಓವರ್‌ಟೈಮ್ ಸೇರಿ ವಾರಕ್ಕೆ 60 ಗಂಟೆಯ ಮಿತಿಯನ್ನು, ಏಳು ದಿನಕ್ಕೊಂದು ರಜೆಯನ್ನು ವಿಧಿಸುತ್ತದೆ. ಹೆಚ್ಚಿನ ಕಂಪನಿಗಳು "ನಮ್ಮ ಪೂರೈಕೆದಾರರು ಶೇಕಡಾ ಇಷ್ಟರಮಟ್ಟಿಗೆ ನಿಯಮ ಪಾಲಿಸಿದ್ದಾರೆ" ಎನ್ನುವಾಗ ಹೇಳುವುದು ಈ 60 ಗಂಟೆಯ ಮಿತಿಯನ್ನು ಕುರಿತೇ. ಆದರೆ ಚೀನಾದ ಕಾರ್ಮಿಕ ಕಾನೂನು ವಾರಕ್ಕೆ 40 ಗಂಟೆಯ ಕೆಲಸದ ಮೇಲೆ ತಿಂಗಳಿಗೆ 36 ಗಂಟೆಯ ಓವರ್‌ಟೈಮನ್ನಷ್ಟೇ ಅನುಮತಿಸುತ್ತದೆ. ಅಂದರೆ ವಾರಕ್ಕೆ ಸುಮಾರು 49 ಗಂಟೆ. ಕಂಪನಿಯ ವರದಿಯಲ್ಲಿ ಪೂರ್ಣ ಅಂಕ ಪಡೆದ ಕಾರ್ಖಾನೆಯೊಂದು ತನ್ನ ದೇಶದ ಕಾನೂನನ್ನು ಪ್ರತಿ ವಾರವೂ ಮುರಿಯುತ್ತಿರಬಹುದು. ವರ್ಷದ ಸರಾಸರಿಯನ್ನು ಮಾತ್ರ ಕೊಟ್ಟಿದ್ದರೆ ಇನ್ನೂ ಎಚ್ಚರ ಬೇಕು: ಭರಾಟೆಯ ಎರಡು ತಿಂಗಳ ದುಡಿತ ಉಳಿದ ಹತ್ತು ತಿಂಗಳಲ್ಲಿ ಕರಗಿಹೋಗಿ ಅಂಕಿ ಅಂದವಾಗಿ ಕಾಣುತ್ತದೆ.

ಮೂರನೆಯದು ನೇಮಕಾತಿಯ ಶುಲ್ಕ. ವಲಸೆ ಕಾರ್ಮಿಕರು ಕೆಲಸ ಗಿಟ್ಟಿಸಲು ದಲ್ಲಾಳಿಗಳಿಗೆ ಸಾಲ ಮಾಡಿ ಹಣ ಕೊಟ್ಟಿರುತ್ತಾರೆ. ಆ ಸಾಲ ತೀರುವವರೆಗೆ ಕೆಲಸ ಬಿಡುವಂತಿಲ್ಲ, ಪಾಸ್‌ಪೋರ್ಟೂ ಅವರ ಕೈಯಲ್ಲಿರುವುದಿಲ್ಲ. ಮಲೇಷ್ಯಾದ ಎಲೆಕ್ಟ್ರಾನಿಕ್ಸ್ ಉದ್ಯಮದ ಬಗ್ಗೆ ಕಾರ್ಮಿಕ ಹಕ್ಕುಗಳ ಕ್ಷೇತ್ರದಲ್ಲಿ ಕೆಲಸ ಮಾಡುವ ವೆರಿಟೆ ಸಂಸ್ಥೆ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾತನಾಡಿಸಿದ ಕಾರ್ಮಿಕರ ಪೈಕಿ ಶೇ. 28ರಷ್ಟು ಮಂದಿ ಬಲವಂತದ ದುಡಿಮೆಯ ಸ್ಥಿತಿಯಲ್ಲಿದ್ದರು. ಅದೇ ವರ್ಷ ಎಚ್‌ಪಿ ಕಂಪನಿ, ವಲಸೆ ಕಾರ್ಮಿಕರನ್ನು ಕಾರ್ಖಾನೆಯೇ ನೇರವಾಗಿ ನೇಮಿಸಿಕೊಳ್ಳಬೇಕು ಮತ್ತು ಅವರಿಂದ ಶುಲ್ಕ ವಸೂಲಿ ಮಾಡಬಾರದು ಎಂಬ ನಿಯಮವನ್ನು ತನ್ನ ಪೂರೈಕೆದಾರರಿಗೆ ವಿಧಿಸಿತು. ವರದಿಯಲ್ಲಿ "ಶುಲ್ಕವನ್ನು ನಿಷೇಧಿಸಿದ್ದೇವೆ" ಎಂದಷ್ಟೇ ಇದ್ದರೆ ಸಾಲದು. ಎಷ್ಟು ಕಾರ್ಮಿಕರಿಗೆ ಎಷ್ಟು ಹಣ ಮರಳಿ ಸಿಕ್ಕಿತು ಎಂಬ ಲೆಕ್ಕವಿದ್ದರೆ ಮಾತ್ರ ಆ ನಿಷೇಧ ಜಾರಿಯಲ್ಲಿದೆ ಎನ್ನಬಹುದು.

ನನ್ನ ಅಭಿಪ್ರಾಯದಲ್ಲಿ, ತಪ್ಪುಗಳೇ ಕಾಣದ ವರದಿಗಿಂತ ತಪ್ಪುಗಳನ್ನು ಪಟ್ಟಿಮಾಡಿದ ವರದಿ ಹೆಚ್ಚು ನಂಬಿಕೆಗೆ ಅರ್ಹ. ಮುನ್ಸೂಚನೆ ಕೊಟ್ಟು ನಡೆಸುವ ಆಡಿಟ್‌ನ ದಿನ ಕಾರ್ಖಾನೆಯ ನೆಲ ಹೊಳೆಯುತ್ತಿರುತ್ತದೆ, ಹಾಜರಿ ಪುಸ್ತಕ ಒಪ್ಪವಾಗಿರುತ್ತದೆ, ಕಾರ್ಮಿಕರಿಗೆ ಏನು ಹೇಳಬೇಕೆಂದು ಮೊದಲೇ ಹೇಳಿಕೊಟ್ಟಿರುತ್ತಾರೆ. ಹಾಗಾಗಿ ಅನಿರೀಕ್ಷಿತ ಭೇಟಿಗಳೆಷ್ಟು, ಕಾರ್ಮಿಕರನ್ನು ಕಾರ್ಖಾನೆಯ ಹೊರಗೆ ಮಾತನಾಡಿಸಿದ್ದಾರೆಯೇ ಎಂಬುದನ್ನು ನೋಡಬೇಕು. ಕಂಪನಿಯ ಮಾತಿಗೆ ಎದುರು ಮಾತು ಏನಿದೆಯೆಂದು ತಿಳಿಯಲು ಬ್ಯುಸಿನೆಸ್ ಆ್ಯಂಡ್ ಹ್ಯೂಮನ್ ರೈಟ್ಸ್ ರಿಸೋರ್ಸ್ ಸೆಂಟರ್‌ನ ಜಾಲತಾಣದಲ್ಲಿ ಬ್ರ್ಯಾಂಡ್‌ನ ಹೆಸರನ್ನು ಹುಡುಕಬಹುದು. ಆರೋಪವೂ ಅದಕ್ಕೆ ಕಂಪನಿ ಕೊಟ್ಟ ಉತ್ತರವೂ ಅಲ್ಲಿ ಒಟ್ಟಿಗೆ ಸಿಗುತ್ತವೆ.

ಪ್ರಶ್ನೆ ಕೇಳುವುದು

"ನೀವು ಕಾರ್ಮಿಕರನ್ನು ಚೆನ್ನಾಗಿ ನೋಡಿಕೊಳ್ಳುತ್ತೀರಾ?" ಎಂದು ಬರೆದರೆ, "ಮಾನವ ಹಕ್ಕುಗಳಿಗೆ ನಾವು ಬದ್ಧರಾಗಿದ್ದೇವೆ" ಎಂಬ ಸಿದ್ಧ ಉತ್ತರ ಬರುತ್ತದೆ. ಉತ್ತರವಾಗಿ ಒಂದು ಹೆಸರು, ಒಂದು ಸಂಖ್ಯೆ ಅಥವಾ ಹೌದು-ಇಲ್ಲ ಬರಲೇಬೇಕಾದ ಪ್ರಶ್ನೆಯನ್ನು ಕೇಳಬೇಕು. ಪತ್ರ ಈ ರೀತಿ ಇರಬಹುದು:

"ಮಾನ್ಯರೇ, ನಿಮ್ಮ ಇಂಥ ಮಾದರಿಯ ಲ್ಯಾಪ್‌ಟಾಪನ್ನು ಕೊಳ್ಳುವ ಆಲೋಚನೆಯಲ್ಲಿದ್ದೇನೆ. ಅದರ ಅಂತಿಮ ಜೋಡಣೆ ಯಾವ ಕಾರ್ಖಾನೆಯಲ್ಲಿ ನಡೆಯುತ್ತದೆ? ಕಳೆದ ವರ್ಷ ಅಲ್ಲಿ ಅತಿ ಹೆಚ್ಚು ಕೆಲಸವಿದ್ದ ತಿಂಗಳಲ್ಲಿ ಕಾರ್ಮಿಕರು ವಾರಕ್ಕೆ ಸರಾಸರಿ ಎಷ್ಟು ಗಂಟೆ ದುಡಿದಿದ್ದಾರೆ? ಒಟ್ಟು ಕಾರ್ಮಿಕರಲ್ಲಿ ಗುತ್ತಿಗೆಯವರು ಶೇಕಡಾ ಎಷ್ಟು? ಸ್ವಚ್ಛಗೊಳಿಸಲು ಬಳಸುವ ದ್ರಾವಕಗಳ ಪಟ್ಟಿಯನ್ನು ಪ್ರಕಟಿಸಿದ್ದೀರಾ? ಅಲ್ಲಿನ ಕಾರ್ಮಿಕರು ತಾವೇ ಆರಿಸಿದ ಸಂಘವನ್ನು ಹೊಂದಿದ್ದಾರೆಯೇ? ದಯವಿಟ್ಟು ಈ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರಿಸಬೇಕಾಗಿ ಕೋರುತ್ತೇನೆ."

ಗ್ರಾಹಕ ಸೇವೆಯ ಚಾಟ್‌ನಲ್ಲಿ ಇದನ್ನು ಕೇಳಿದರೆ ಅಲ್ಲಿರುವವರಿಗೆ ಉತ್ತರ ಗೊತ್ತಿರುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಹೊಣೆಗಾರಿಕೆಯ ವರದಿಯ ಕೊನೆಯಲ್ಲಿ ಕೊಟ್ಟಿರುವ ಇಮೇಲ್ ವಿಳಾಸಕ್ಕೆ ಬರೆಯುವುದು ಒಳ್ಳೆಯದು. ನುಣುಚಿಕೊಳ್ಳುವ ಉತ್ತರ ಬಂದರೆ, ಉತ್ತರ ಸಿಗದ ಪ್ರಶ್ನೆಗಳನ್ನಷ್ಟೇ ಎತ್ತಿ ಮತ್ತೊಮ್ಮೆ ಬರೆಯಬೇಕು.

ಒಂಟಿ ಪತ್ರಕ್ಕಿಂತ ಒಟ್ಟಾಗಿ ಕೊಳ್ಳುವವರ ಮಾತಿಗೆ ತೂಕ ಹೆಚ್ಚು. ವಿಶ್ವವಿದ್ಯಾಲಯ, ನಗರಾಡಳಿತ, ಆಸ್ಪತ್ರೆ, ದೊಡ್ಡ ಕಚೇರಿ ಇವೆಲ್ಲ ಒಮ್ಮೆಗೇ ನೂರಾರು ಕಂಪ್ಯೂಟರ್ ಕೊಳ್ಳುತ್ತವೆ. ಮೇಲಿನ ಪ್ರಶ್ನೆಗಳನ್ನು ಅವುಗಳ ಟೆಂಡರ್ ಷರತ್ತಿನಲ್ಲಿ ಸೇರಿಸಿದರೆ ಉತ್ತರ ಕೊಡದೆ ಮಾರಾಟಗಾರನಿಗೆ ಬೇರೆ ದಾರಿಯಿಲ್ಲ. ಯುರೋಪಿನ ಸಾರ್ವಜನಿಕ ಸಂಸ್ಥೆಗಳು ಸದಸ್ಯರಾಗಿರುವ ಎಲೆಕ್ಟ್ರಾನಿಕ್ಸ್ ವಾಚ್ ಎಂಬ ಸಂಸ್ಥೆ ಕೆಲಸ ಮಾಡುವುದು ಇದೇ ಕ್ರಮದಲ್ಲಿ: ಕಾರ್ಖಾನೆಯ ಸುತ್ತಮುತ್ತಲಿನ ಕಾರ್ಮಿಕ ಸಂಘಟನೆಗಳಿಂದ ಮಾಹಿತಿ ತರಿಸಿಕೊಂಡು, ಕೊಳ್ಳುವವರ ಪರವಾಗಿ ಬ್ರ್ಯಾಂಡ್‌ಗಳನ್ನು ವಿಚಾರಿಸುತ್ತದೆ. ಥಾಯ್ಲೆಂಡ್‌ನ ಕ್ಯಾಲ್-ಕಾಂಪ್ ಕಾರ್ಖಾನೆಯ ಸಾವಿರಾರು ವಲಸೆ ಕಾರ್ಮಿಕರಿಗೆ ಅವರು ತೆತ್ತಿದ್ದ ನೇಮಕಾತಿ ಶುಲ್ಕ ಮರಳಿ ಸಿಕ್ಕಿದ್ದರ ಹಿಂದೆ ಇಂಥ ಒತ್ತಡವಿತ್ತು. ನೀವು ದುಡಿಯುವ ಸಂಸ್ಥೆಯಲ್ಲಿ ಖರೀದಿಯ ಹೊಣೆ ಹೊತ್ತವರು ಯಾರೆಂದು ತಿಳಿದುಕೊಂಡು, ಮುಂದಿನ ಟೆಂಡರ್ ಕರೆಯುವ ಮೊದಲೇ ಅವರೊಡನೆ ಮಾತನಾಡುವುದು ಸ್ವಂತಕ್ಕೊಂದು ಫೋನು ಆರಿಸುವುದಕ್ಕಿಂತ ಹೆಚ್ಚು ಪರಿಣಾಮಕಾರಿ.

ಬಹಿಷ್ಕಾರದ ಬಗ್ಗೆ ಎಚ್ಚರ

ಕಾರ್ಖಾನೆಯೊಂದರ ಸುದ್ದಿ ಓದಿದೊಡನೆ ಆ ಬ್ರ್ಯಾಂಡನ್ನು ಬಿಟ್ಟುಬಿಡಬೇಕೆನಿಸುವುದು ಸಹಜ. ಆದರೆ ಒಂದೇ ಗುತ್ತಿಗೆ ತಯಾರಕ ಪೈಪೋಟಿಯಲ್ಲಿರುವ ಹಲವು ಬ್ರ್ಯಾಂಡ್‌ಗಳಿಗೆ ಸಾಧನ ತಯಾರಿಸುವುದರಿಂದ, ನೀವು ಬದಲಾಗಿ ಕೊಂಡದ್ದೂ ಅದೇ ಕಂಪನಿಯ ಇನ್ನೊಂದು ಲೈನ್‌ನಿಂದ ಬಂದಿರಬಹುದು. ಆರ್ಡರ್ ಕಡಿಮೆಯಾದಾಗ ಮೊದಲು ಕೆಲಸ ಕಳೆದುಕೊಳ್ಳುವವರೂ ತಾತ್ಕಾಲಿಕ ಕಾರ್ಮಿಕರೇ. ಆ ಕಾರ್ಖಾನೆಯ ಕಾರ್ಮಿಕರು ಅಥವಾ ಅವರ ಸಂಘ ಬಹಿಷ್ಕಾರಕ್ಕೆ ಕರೆ ಕೊಟ್ಟಿದ್ದರೆ ಅದನ್ನು ಗೌರವಿಸಬೇಕು; ಕೊಟ್ಟಿಲ್ಲವಾದರೆ ಅವರ ಬೇಡಿಕೆ ಏನೆಂದು ಮೊದಲು ತಿಳಿದು, ಅದನ್ನೇ ಬ್ರ್ಯಾಂಡ್‌ನ ಮುಂದಿಡಬೇಕು. 2021ರ ಡಿಸೆಂಬರ್‌ನಲ್ಲಿ ತಮಿಳುನಾಡಿನ ಶ್ರೀಪೆರಂಬುದೂರಿನ ಫಾಕ್ಸ್‌ಕಾನ್ ಕಾರ್ಖಾನೆಯ ಮಹಿಳೆಯರು, ಹಾಸ್ಟೆಲಿನ ಊಟದಿಂದ ಹಲವರು ಅಸ್ವಸ್ಥರಾದ ಬಳಿಕ, ರಸ್ತೆಗಿಳಿದು ಪ್ರತಿಭಟಿಸಿದರು. ಅವರ ತಕರಾರು ಊಟ ಮತ್ತು ವಸತಿಯ ಬಗ್ಗೆ ಇತ್ತು. ಫೋನು ಕೊಳ್ಳಬೇಡಿ ಎಂಬುದಾಗಿರಲಿಲ್ಲ. ಹಾಸ್ಟೆಲುಗಳು ತನ್ನ ಮಟ್ಟಕ್ಕೆ ತಕ್ಕಂತಿಲ್ಲವೆಂದು ಒಪ್ಪಿದ ಆಪಲ್ ಆ ಕಾರ್ಖಾನೆಯನ್ನು ನಿಗಾದಲ್ಲಿರಿಸಿತು.

ಹಳೆಯ ಸಾಧನವನ್ನು ಬಿಡುವಾಗ

ಸಾಧನವನ್ನು ಒಡೆದು ಲೋಹ ತೆಗೆಯುವವರೂ ಈ ಉದ್ಯಮದ ಕಾರ್ಮಿಕರೇ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು. ಅದರಲ್ಲಿ ಅಧಿಕೃತವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ. 22.3 ಮಾತ್ರ. ಉಳಿದದ್ದರಲ್ಲಿ ದೊಡ್ಡ ಪಾಲು ತಂತಿ ಸುಟ್ಟು ತಾಮ್ರ ತೆಗೆಯುವ, ಬೋರ್ಡುಗಳನ್ನು ಆ್ಯಸಿಡ್‌ನಲ್ಲಿ ಅದ್ದಿ ಚಿನ್ನ ತೆಗೆಯುವ ಬರಿಗೈಗಳಿಗೆ ಸೇರುತ್ತದೆ. ಚಾಲೂ ಸ್ಥಿತಿಯಲ್ಲಿರುವ ಸಾಧನವನ್ನು ಮಾಹಿತಿ ಅಳಿಸಿ, ಚಾರ್ಜರ್ ಸಮೇತ ಬಳಸುವವರಿಗೆ ಕೊಡಬೇಕು. ಕೆಟ್ಟದ್ದನ್ನು ಪರವಾನಗಿ ಪಡೆದ ಮರುಬಳಕೆ ಘಟಕಕ್ಕೆ ಅಥವಾ ಕಂಪನಿಯ ವಾಪಸಾತಿ ಕೇಂದ್ರಕ್ಕೆ ಮುಟ್ಟಿಸಬೇಕು. ಬ್ಯಾಟರಿ ಉಬ್ಬಿದ್ದರೆ ಅದನ್ನು ಒತ್ತದೆ, ಚುಚ್ಚದೆ, ಬೇರೆ ಸಾಧನಗಳೊಡನೆ ಸೇರಿಸದೆ, ತೆಗೆದುಕೊಳ್ಳುವವರಿಗೆ ಬಾಯಿಬಿಟ್ಟು ಹೇಳಿಯೇ ಕೊಡಬೇಕು. ರಾಶಿಯೊಳಗೆ ಅದು ಹೊತ್ತಿಕೊಂಡರೆ ಮೊದಲು ಸುಡುವುದು ಅದನ್ನು ವಿಂಗಡಿಸುತ್ತಿರುವವರ ಕೈ.